ತಪ್ಪು ಕಿವಿಗೆ ಬಿದ್ದ ಕುಂಕುಮ

ನಾನು ಕಾರಿನ ಬಾಗಿಲೊಳಗೆ ಕೂರುವ ಒಂದು ಸ್ಪೀಕರ್. ದುಂಡು ಮುಖ, ಕಾಗದದ ಎದೆ, ಬೆನ್ನಿಗೊಂದು ಅಯಸ್ಕಾಂತ, ಅದರ ಪಕ್ಕ ವೈರು ಸಿಕ್ಕಿಸಲು ಎರಡು ತಗಡಿನ ಕಿವಿ. ಹುಟ್ಟಿದ ಕಾರ್ಖಾನೆಯಲ್ಲಿ ಒಂದು ಕಿವಿಗೆ ಕೆಂಪು ಚುಕ್ಕೆ ಇಟ್ಟರು. ಅದು ಪ್ಲಸ್, ಇನ್ನೊಂದು ಮೈನಸ್ ಎಂದರು. ಯಾಕೆ ಎಂದು ಯಾರೂ ಹೇಳಲಿಲ್ಲ. ನನ್ನ ಗೊಂದಲ ಅಲ್ಲಿಂದಲೇ ಶುರುವಾಯಿತು.

ನಾನು ಮತ್ತು ನನ್ನ ಜೋಡಿ ಒಂದೇ ಡಬ್ಬಿಯಲ್ಲಿ ಬಂದು, ಒಂದೇ ಕಾರಿನ ಎಡ ಬಲ ಬಾಗಿಲುಗಳಲ್ಲಿ ಕೂತೆವು. ಏಳೆಂಟು ವರ್ಷ ಸುಖವಾಗಿದ್ದೆವು. ಆ ಕಾರು ಲಾರಿಗೆ ಗುದ್ದಿ ನಜ್ಜುಗುಜ್ಜಾದ ಮೇಲೆ ಹುಬ್ಬಳ್ಳಿಯ ಗುಜರಿ ಅಂಗಡಿಯೊಂದಕ್ಕೆ ಬಂದು ಬಿದ್ದೆವು. ಅಷ್ಟು ಹೊತ್ತಿಗೆ ತುಕ್ಕು ಹಿಡಿದು ಕೆಂಪು ಚುಕ್ಕೆಗಳು ಅಳಿಸಿಹೋಗಿದ್ದವು.

ಮಹಾನವಮಿಯ ದಿನ ಅಂಗಡಿಯವನ ತಾಯಿ ನೀಲವ್ವ ಪೂಜೆಗೆ ಬಂದಳು. ಸ್ಪಾನರ್, ತಕ್ಕಡಿ, ಹಳೆಯ ಬ್ಯಾಟರಿ, ಯಾವುದನ್ನೂ ಬಿಡದೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುತ್ತ ನಡೆದಳು. ನಾವಿಬ್ಬರೂ ಬೋರಲು ಬಿದ್ದಿದ್ದೆವು. ಅವಳಿಗೆ ಕಣ್ಣು ಮಂಜು. ಬೆರಳಿಗೆ ಸಿಕ್ಕಲ್ಲಿ ಒತ್ತಿದಳು. ಜೋಡಿಗೆ ಒಂದು ಕಿವಿಗೆ ಬಿತ್ತು, ನನಗೆ ಇನ್ನೊಂದು ಕಿವಿಗೆ. "ನಿಮ್ಮ ಬಾಯಾಗ ಚಲೋ ಮಾತ ಬರ್ಲಿ" ಎಂದು ಹರಸಿದಳು. ಗುಜರಿಗೂ ಇಷ್ಟು ಮರ್ಯಾದೆಯೇ ಎಂದು ನನಗೆ ಕಣ್ಣು ತುಂಬಿ ಬಂತು. ನನಗೆ ಕಣ್ಣಿಲ್ಲ ಅನ್ನುವುದು ಬೇರೆ ಮಾತು.

ಕೆಲವು ತಿಂಗಳ ಮೇಲೆ ಕಸ್ತೂರಿ ಟೀಚರ್ ಬಂದರು. ಅಣ್ಣಿಗೇರಿ ಹತ್ತಿರದ ಶಾಲೆಗೆ ದಿನಾ ಹುಬ್ಬಳ್ಳಿಯಿಂದ ಹಳೆಯ ಕಾರಿನಲ್ಲಿ ಹೋಗಿಬರುವವರು. ನಲವತ್ತು ದಾಟಿದ ಮೇಲೆ ಮತ್ತೆ ಸಂಗೀತ ಹಿಡಿದಿದ್ದರು. ಧಾರವಾಡಕ್ಕೆ ಹೋಗಿ ರೇಡಿಯೋದವರ ಧ್ವನಿ ಪರೀಕ್ಷೆ ಪಾಸಾಗಬೇಕು, ಒಮ್ಮೆಯಾದರೂ ರೇಡಿಯೋದಲ್ಲಿ ಹಾಡಬೇಕು, ಇದೊಂದೇ ಅವರ ಆಸೆ. ಆದರೆ ಎರಡು ಕೋಣೆಯ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಗೆ ಸಪ್ಪಳ ಆಗದು. ಹೀಗಾಗಿ ಪೆನ್ ಡ್ರೈವಿನಲ್ಲಿ ತಂಬೂರಿಯ ನಾದ ಹಾಕಿಕೊಂಡು ಕಾರಿನಲ್ಲೇ ಅಭ್ಯಾಸ. ಕಾರಿನ ಸ್ಪೀಕರುಗಳು ಹರಿದಿದ್ದವು. ಹೊಸ ಜೋಡಿಯ ಬೆಲೆ ಕೇಳಿ ಸುಮ್ಮನೆ ಎದ್ದು ಬಂದವರು ನಮ್ಮನ್ನು ಕೊಂಡರು.

ಕಾರು ವೈರಿಂಗ್ ಮಾಡುವ ಫಕ್ಕೀರಪ್ಪ ನಮ್ಮನ್ನು ಬೆನ್ನು ತಿರುಗಿಸಿ ನೋಡಿದ. "ಕೆಂಪ ಚುಕ್ಕಿ ಅದಾವ್ರೀ ಅಕ್ಕಾರ. ಪ್ಲಸ್ ಯಾವ್ದಂತ ಗುರ್ತ ಮಾಡಿಟ್ಟಾರ, ಚಲೋ ಆತು" ಎಂದವನೇ ಚುಕ್ಕೆ ನೋಡಿ ವೈರು ಸಿಕ್ಕಿಸಿದ. ಅದು ಪೂಜೆಯ ಗುರುತು ಎಂದು ಹೇಳಲು ನನಗೆ ಬಾಯಿ ಇತ್ತು, ಮಾತು ಇರಲಿಲ್ಲ.

ಅಂದಿನಿಂದ ಏನೋ ಎಡವಟ್ಟು. ಜೋಡಿ ಎದೆ ಮುಂದಕ್ಕೆ ತಳ್ಳಿದರೆ ನಾನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅವನು ಉಸಿರು ಬಿಟ್ಟಾಗ ನಾನು ಎಳೆದುಕೊಳ್ಳುತ್ತಿದ್ದೆ. ತಂಬೂರಿಯ ಕೆಳಗಿನ ಸಾ ನಮ್ಮಿಬ್ಬರ ನಡುವೆ ಎಲ್ಲೋ ಕಾಣೆಯಾಗುತ್ತಿತ್ತು. ಹೊಟ್ಟೆಯಿಂದಲೇ ಕೊಡುತ್ತಿದ್ದೇನಲ್ಲ, ಹೋಗುತ್ತಿರುವುದೆಲ್ಲಿಗೆ? ಒಮ್ಮೆ ಪಕ್ಕದಲ್ಲಿ ಕೂತಿದ್ದ ಟೀಚರ ಗಂಡ ಶಿವಯೋಗಿ, "ಖಾಲಿ ಡಬ್ಬಿ ಬಡದಂಗ ಕೇಳ್ತದಲ್ಲ" ಎಂದರು.

"ಅಗ್ಗದ ಮಾಲು ಹಂಗ ಇರ್ತದ, ಬಿಡ್ರಿ" ಎಂದರು ಟೀಚರ್. ಆ ಮಾತು ನನಗೆ ಚುಚ್ಚಿತು.

ಆಧಾರ ಶ್ರುತಿ ಸಿಗದೆ ಅವರ ದನಿ ಇಳಿಯುತ್ತಿತ್ತು. ವರ್ಷವಿಡೀ ಹಾಗೇ ಹಾಡಿಕೊಂಡು ಪರೀಕ್ಷೆಗೆ ಹೋದರು. ಸುರ ಇಳಿಯುತ್ತದೆ ಎಂದು ಫೇಲಾದರು. ಬರುವಾಗ ಸ್ಟೇರಿಂಗ್ ಹಿಡಿದುಕೊಂಡೇ ಅತ್ತರು. "ಇನ್ನೊಂದ ಸಲ ನೋಡ್ತೇನ್ರಿ. ಆಗ್ಲಿಲ್ಲಂದ್ರ ಹಾಡೂದ ಬಿಟ್ಟಬಿಡ್ತೇನಿ" ಎಂದು ಗಂಡನಿಗೆ ಹೇಳಿದರು. ತಪ್ಪು ಅವರದೋ, ಜೋಡಿಯದೋ, ನನ್ನದೋ, ಒಂದೂ ತಿಳಿಯದೆ ನಾನು ಬಾಗಿಲೊಳಗೆ ಒದ್ದಾಡಿದೆ.

ಎರಡನೇ ಪರೀಕ್ಷೆಗೆ ಹದಿನೈದು ದಿನ ಇತ್ತು. ಶಾಲೆಯ ದಾರಿಯಲ್ಲಿ ಕಾರು ಒಂದು ಹಂಪ್ ಹಾರಿತು. ಜೋಡಿಯ ವೈರು ಕಳಚಿ ಅವನು ಮೂಕನಾದ. ಅದೇ ಗಳಿಗೆಗೆ, ನಾನೊಬ್ಬನೇ ಉಳಿದಾಗ, ತಂಬೂರಿಯ ಸಾ ಕಾರಿನ ತುಂಬ ಎದ್ದು ನಿಂತಿತು. ಟೀಚರ್ ಗಾಡಿ ಬದಿಗೆ ನಿಲ್ಲಿಸಿ ದನಿ ಕೂಡಿಸಿದರು. ದನಿ ಇಳಿಯಲಿಲ್ಲ. ಸಂಜೆ ನೇರವಾಗಿ ಫಕ್ಕೀರಪ್ಪನ ಅಂಗಡಿಗೇ ಬಂದರು.

"ಎರಡೂ ಇದ್ದಾಗ ಬರದ ಸಾ ಒಂದ ಇದ್ದಾಗ ಬರ್ತದ. ಏನೋ ಇದು ಫಕ್ಕೀರಪ್ಪ?"

ಅವನು ಬಾಗಿಲು ಬಿಚ್ಚಿದ. ಗಡಿಯಾರದ ಸೆಲ್ಲೊಂದನ್ನು, ಅದರ ಪ್ಲಸ್ ತುದಿ ಕೆಂಪು ಚುಕ್ಕೆಗೆ ಬರುವಂತೆ, ನನ್ನ ಕಿವಿಗಳಿಗೆ ಮುಟ್ಟಿಸಿದ. ಮುಂದಕ್ಕೆ ಬರಬೇಕಿದ್ದ ನನ್ನ ಎದೆ ಹಿಂದಕ್ಕೆ ಹೋಯಿತು. ಉಗುರಿನಿಂದ ಚುಕ್ಕೆ ಕೆರೆದು ಮೂಸಿ ನೋಡಿ ಹಣೆ ಬಡಿದುಕೊಂಡ. "ಅಯ್ಯ ಶಿವನ, ಇದು ಬಣ್ಣ ಅಲ್ರೀ ಅಕ್ಕಾರ, ಕುಂಕುಮ! ಪೂಜಿ ಮಾಡಿದ್ದನ್ನ ನಾ ಪ್ಲಸ್ ಅಂತ ತಿಳದ್ನಿ. ಒಂದು ದಬ್ಬಿದ ದನಿ ಇನ್ನೊಂದು ನುಂಗೇದ."

ಟೀಚರ್ ಬಗ್ಗಿ ಅವನ ಉಗುರಿನ ಕೆಂಪನ್ನು ನೋಡಿದರು. ಆಮೇಲೆ, "ಹಂಗಾದ್ರ ವರ್ಷಗಟ್ಲೆ ಬೇಸುರ ಆಗಿದ್ದು ನಾ ಅಲ್ಲ?" ಎಂದರು. ಫಕ್ಕೀರಪ್ಪ ತಲೆ ತಗ್ಗಿಸಿ ನನ್ನ ವೈರು ಅದಲುಬದಲು ಮಾಡಿ, ಜೋಡಿಯ ಕಳಚಿದ ವೈರನ್ನೂ ಸಿಕ್ಕಿಸಿದ. ನನಗೆ ನಾಚಿಕೆಯಾಯಿತು. ನನ್ನದೇನು ತಪ್ಪು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಆ ಸಲ ಟೀಚರ್ ಪಾಸಾದರು. ಅವರ ಹಾಡು ಪ್ರಸಾರವಾದ ಬೆಳಿಗ್ಗೆ ಗಂಡ ಹೆಂಡತಿ ಮನೆಯ ಮುಂದೆ ನಿಲ್ಲಿಸಿದ್ದ ಕಾರಿನಲ್ಲಿ ಕೂತು ರೇಡಿಯೋ ಹಚ್ಚಿದರು. ಅವರದೇ ದನಿ ನಮ್ಮಿಬ್ಬರ ಎದೆಯಿಂದ ಹೊರಟಿತು. ಎಷ್ಟೋ ಕಾಲದ ಮೇಲೆ ನಾನೂ ಜೋಡಿಯೂ ಒಟ್ಟಿಗೆ ಉಸಿರಾಡಿದೆವು. ಒಳಗಿನಿಂದ ಅತ್ತೆ, "ಶಿವಯೋಗಿ, ಸಪ್ಪಳ ಜರಾ ಜಾಸ್ತಿ ಮಾಡೋ" ಎಂದು ಕೂಗಿದರು.

ಈಗ ಆ ಕಾರಿಲ್ಲ, ಜೋಡಿಯೂ ಇಲ್ಲ. ಎದೆಯ ಕಾಗದ ಸೀಳಿದ ನಾನು ಟೀಚರ ತಂಬೂರಿಯ ಪಕ್ಕದ ಗೂಡಿನಲ್ಲಿದ್ದೇನೆ. ಪ್ರತಿ ಮಹಾನವಮಿಗೆ ಅವರು ಕುಂಕುಮವನ್ನು ಕಿವಿ ಬಿಟ್ಟು ಅಯಸ್ಕಾಂತದ ನಟ್ಟನಡುವೆ ಹಚ್ಚುತ್ತಾರೆ. ನೀಲವ್ವನ ಹಾರೈಕೆ ಫಲಿಸಿತೋ, ಕಾಡಿತೋ? ಯೋಚಿಸಿದಷ್ಟೂ ಗೋಜಲು. ನನಗೆ ಈಗ ವೈರಿಲ್ಲ. ಆದರೂ ಟೀಚರ್ ಎದುರಿಗೆ ಕೂತು ಸಾ ಹಿಡಿದಾಗ ನನ್ನ ಹರಿದ ಕಾಗದ ತಾನಾಗಿಯೇ ಅದುರುತ್ತದೆ. ಮುಂದಕ್ಕೋ ಹಿಂದಕ್ಕೋ, ಅದು ಮಾತ್ರ ತಿಳಿಯುವುದಿಲ್ಲ.