ಬಲೆಯ ಪಾಲು, ಯಂತ್ರದ ಪಾಲು

ಕೇಣಿಯ ಕಡಲತಡಿಯಲ್ಲಿ ಮೀನು ಹಂಚುವಾಗ ಬಲೆಗೂ ಒಂದು ಪಾಲು ಇಡುತ್ತಾರೆ. ದೋಣಿಗೊಂದು, ಬಲೆಗೊಂದು, ಆಮೇಲೆ ಆಳಿಗೊಂದು. ಬಲೆಯ ಒಡೆಯ ಸಮುದ್ರಕ್ಕೆ ಇಳಿಯದಿದ್ದರೂ ಅವನ ಪಾಲು ತಪ್ಪುವುದಿಲ್ಲ. ಗಂಡ ಬಾಳಾ ತೀರಿಹೋದ ಮೇಲೆ ಹೊನ್ನಮ್ಮ ಆರು ವರ್ಷ ಬದುಕಿದ್ದು ಈ ಪಾಲಿನ ಮೇಲೆಯೇ. ಬಾಳಾನ ಬಲೆ ಮೈದುನ ಸೋಮುವಿನ ದೋಣಿಯಲ್ಲಿ ಹೋಗುತ್ತಿತ್ತು. ಮೀನು ಬಿದ್ದ ದಿನ ಸೋಮು ಅವಳ ಪಾಲನ್ನು ಬಾಗಿಲಿಗೆ ತಂದಿಡುತ್ತಿದ್ದ. ಹೆಚ್ಚು ಮಾತಾಡುವವನಲ್ಲ. ಆದರೆ ಒಂದು ಬಂಗಡೆಯನ್ನೂ ಕಡಿಮೆ ಮಾಡಿದವನಲ್ಲ.

ಎರಡು ವರ್ಷದಿಂದ ಮೀನು ಕಡಿಮೆಯಾಗಿದೆ. ಈಗ ಆ ಬಲೆಯೂ ಇಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ ಹೊನ್ನಮ್ಮ ಅಂಕೋಲೆಯ ಸಹಕಾರಿ ಸಂಘದಲ್ಲಿ ಚಿನ್ನದ ಸಾಲದ ಕಿಟಕಿಯ ಮುಂದೆ ನಿಂತಿದ್ದಳು. ಸೆರಗಿನ ಗಂಟಿನಲ್ಲಿ ಮಗಳು ವಿನುತಾಳ ಬೆಂಡೋಲೆ. ಬೆಳಿಗ್ಗೆ ಕಿವಿಯಿಂದ ಬಿಚ್ಚಿಸಿದ್ದು. ಯಾಕೆ ಎಂದು ಮಗಳು ಕೇಳಿರಲಿಲ್ಲ. ಕೇಳದೇ ಇದ್ದದ್ದು ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು.

ಕಿಟಕಿಯ ಒಳಗೆ ಕೂತವಳು ಬೊಬ್ರುವಾಡದ ಗಾಯತ್ರಿ. ಹೊನ್ನಮ್ಮ ಮೀನು ಮಾರಲು ಹೋಗುತ್ತಿದ್ದ ಮನೆಯವಳು, ಹಳೆಯ ಪರಿಚಯ.

“ಬಾ ಹೊನ್ನಮ್ಮಕ್ಕಾ. ನೀನು ಮೀನು ತರೋದು ಬಿಟ್ಟಮೇಲೆ ನಮ್ಮನೇಲಿ ಊಟವೇ ಸೇರೂದಿಲ್ಲ,” ಎಂದು ನಕ್ಕಳು. ಗಂಟು ಬಿಚ್ಚಿದಾಗ ನಗು ನಿಂತಿತು. “ಸಾಲ ಎಂತಕ್ಕೆ? ಕಾರಣ ಬರೀಬೇಕು.”

“ಟ್ಯಾಕ್ಸ್ ಕಟ್ಟೂಕೆ.”

“ಮನೆದಾ?”

“ಅಲ್ಲ. ಯಂತ್ರದ್ದು.”

ಗಾಯತ್ರಿ ಪೆನ್ನು ಕೆಳಗಿಟ್ಟಳು. ಹೊನ್ನಮ್ಮ ತಲೆ ತಗ್ಗಿಸಿ ಹೇಳಿದಳು. ಫೆಬ್ರವರಿಯಲ್ಲಿ ಸೋಮು ಫೋನಿನಲ್ಲಿ ಒಂದು ಆ್ಯಪ್ ತೋರಿಸಿದ್ದ. ದೂರದೇಶದಲ್ಲಿ ಬಿಟ್‌ಕಾಯಿನ್ ಅಗೆಯುವ ಯಂತ್ರಗಳಿವೆ, ಒಂದರಲ್ಲಿ ಪಾಲು ಕೊಂಡರೆ ದಿನವೂ ಪಾಲು ಬರುತ್ತದೆ ಎಂದಿದ್ದ. ಅದು ಅವಳಿಗೆ ತಟ್ಟನೆ ಅರ್ಥವಾಗಿತ್ತು. ಬಲೆಯ ಹಾಗೆಯೇ ಅಲ್ಲವೇ? ತಾನು ಹೋಗಬೇಕಿಲ್ಲ, ತನ್ನದು ಹೋಗಿ ದುಡಿದು ಬರುತ್ತದೆ. ಮೇ ತಿಂಗಳಲ್ಲಿ ಬಲೆಯನ್ನು ಮಂಜಗುಣಿಯವರಿಗೆ ಅರವತ್ತು ಸಾವಿರಕ್ಕೆ ಮಾರಿ, ಆ ಹಣವನ್ನೆಲ್ಲ ಆ್ಯಪಿಗೆ ಹಾಕಿದಳು. ಮೊದಲ ವಾರ ಎಂಟುನೂರು ರೂಪಾಯಿ ಬಂತು. ಈಗ ಪರದೆಯ ಮೇಲೆ ಒಂದು ಲಕ್ಷ ತೊಂಬತ್ತು ಸಾವಿರ ಕಾಣುತ್ತಿದೆ. ತೆಗೆಯಬೇಕಾದರೆ ಮೂವತ್ತೆಂಟು ಸಾವಿರ ಟ್ಯಾಕ್ಸ್ ಮೊದಲು ಕಟ್ಟಬೇಕಂತೆ.

“ಆ ಯಂತ್ರ ನೋಡಿದ್ಯಾ ಅಕ್ಕಾ?”

“ಚಿತ್ರ ನೋಡ್ದೆ.”

“ಬಲೆ ಆಗಿದ್ರೆ ಚಿತ್ರ ನೋಡಿ ತಕಂತಿದ್ಯಾ?”

ಬಲೆಯಾಗಿದ್ದರೆ ಹೊನ್ನಮ್ಮ ನೂಲಿನ ಒಂದೊಂದು ಕಣ್ಣನ್ನೂ ಬಿಡಿಸಿ ನೋಡುತ್ತಿದ್ದಳು.

“ಹಂಗಾರೆ ಬಿಟ್‌ಕಾಯಿನ್ ಅನ್ನೂದೇ ಸುಳ್ಳಾ?”

“ಸುಳ್ಳಲ್ಲ ಮಾರಾಯ್ತಿ. ನಿಜ ಅದೆ. ಅದ್ಕೇ ಅದ್ರ ಹೆಸರಲ್ಲಿ ಮೋಸ ಸಲೀಸು.” ಗಾಯತ್ರಿ ಸ್ಟೂಲು ತೋರಿಸಿ ಕೂರಿಸಿದಳು. “ಅಗೆಯೋದು ಅಂದ್ರೆ ಮಣ್ಣು ಅಗೆಯೋದಲ್ಲ. ಬಿಟ್‌ಕಾಯಿನ್ ಯಾರು ಯಾರಿಗೆ ಕೊಟ್ರು ಅನ್ನೋ ಪುಸ್ತಕ ಒಂದು ಬ್ಯಾಂಕಲ್ಲಿಲ್ಲ. ಲೋಕದ ಸಾವಿರಾರು ಕಂಪ್ಯೂಟರಲ್ಲಿ ಅದೆ. ಹೆಚ್ಚುಕಡಿಮೆ ಹತ್ತು ನಿಮಿಷಕ್ಕೊಂದು ಹೊಸ ಪುಟ. ಪುಟ ಸೇರ್ಸೂಕೆ ಒಂದು ಸಂಖ್ಯೆ ಹುಡುಕ್ಬೇಕು. ನಂಬರಿನ ಬೀಗ ಇರ್ತದಲ್ಲ, ಹಂಗೆ. ಲಕ್ಷಗಟ್ಟಲೆ ಯಂತ್ರ ಒಟ್ಟಿಗೇ ತಿರುಗ್ಸಿ ತಿರುಗ್ಸಿ ನೋಡ್ತವೆ. ಮೊದ್ಲು ತೆಗ್ದವಂಗೆ ಹೊಸ ನಾಣ್ಯ. ಉಳ್ದವರಿಗೆ ಕರೆಂಟ್ ಬಿಲ್ಲು.”

“ನನ್ನ ಫೋನಲ್ಲಿ ಆಗೂದಿಲ್ವಾ? ದಿನಾ ಒಂದ್ಸಲ ಗುಂಡಿ ಒತ್ತು ಅಂತದೆ ಆ ಆ್ಯಪು.”

“ಸೋರೋ ಚೊಂಬಲ್ಲಿ ಗಂಗಾವಳಿ ಹೊಳೆ ಬತ್ತಿಸ್ತೆ ಅಂದಂಗಾಯ್ತು.”

“ಬಿಟ್‌ಕಾಯಿನ್ ಒಂದೇ ಅಲ್ಲ ಗಾಯತ್ರಿ. ನಮ್ಮ ಯಂತ್ರ ಎಥೆರಿಯಂ, ಟೆದರ್ ಎಲ್ಲಾ ಅಗೀತದಂತೆ.”

“ಅಲ್ಲೇ ಸಿಕ್ಕಿಬಿದ್ದ ನೋಡು ಆ ಆ್ಯಪಿನಂವ. ಲೈಟ್‌ಕಾಯಿನ್, ಡೋಜ್‌ಕಾಯಿನ್ ಅಂದಿದ್ರೆ ಹೌದು, ಅವನ್ನ ಯಂತ್ರ ಅಗೀತದೆ. ಎಥೆರಿಯಂ ಅಗೆಯೋದು ಎರಡು ಸಾವಿರದ ಇಪ್ಪತ್ತೆರಡರಲ್ಲೇ ನಿಂತದೆ. ಈಗ ತಮ್ಮ ನಾಣ್ಯ ಒತ್ತೆ ಇಟ್ಟವರು ಅಲ್ಲಿ ಪುಟ ಸೇರ್ಸ್ತಾರೆ. ಟೆದರ್ ಅಂತೂ ಯಾರೂ ಅಗೆಯೋದೇ ಇಲ್ಲ, ಒಂದು ಕಂಪನಿ ಡಾಲರ್ ಬೆಲೆಗೆ ಹೊರಡಿಸ್ತದೆ.”

“ಮತ್ತೆ ಆ ಎಂಟುನೂರು ಬಂತಲ್ಲ!” ಹೊನ್ನಮ್ಮನ ದನಿ ಏರಿತು. ಅದೊಂದು ನಿಜವಾಗಿದ್ದರೆ ಸಾಕು ಎನ್ನುವ ದನಿ.

“ಗಾಳಕ್ಕೆ ಸಿಗಡಿ ಚುಚ್ಚದೇ ಮೀನು ಬತ್ತದಾ ಅಕ್ಕಾ?”

ಫ್ಯಾನು ತಿರುಗುತ್ತಿತ್ತು. ಹೊನ್ನಮ್ಮ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು.

“ಕ್ರಿಪ್ಟೊ ಲಾಭಕ್ಕೆ ನೂರಕ್ಕೆ ಮೂವತ್ತು ತೆರಿಗೆ ಇರೂದು ಹೌದು,” ಗಾಯತ್ರಿ ಮೆಲ್ಲಗೆ ಹೇಳಿದಳು. “ಅದನ್ನ ಕಟ್ಟೋದು ಸರಕಾರಕ್ಕೆ. ನಿನ್ನ ದುಡ್ಡು ಬಿಡಿಸೂಕೆ ಮೊದ್ಲು ಯಾರದೋ ಖಾತೆಗೆ ಹಾಕು ಅಂದ್ರೆ ಅಂವ ಕಳ್ಳ. ಈ ಬೆಂಡೋಲೆನೂ ಹೋಗ್ತದೆ. ಆಮೇಲೆ ಮತ್ತೊಂದು ಟ್ಯಾಕ್ಸ್ ಹೇಳ್ತಾ.”

ಅವಳು ಓಲೆಗಳನ್ನು ಕಿಟಕಿಯ ಕೆಳಗಿಂದ ಹೊರಕ್ಕೆ ಸರಿಸಿದಳು. ಹೊನ್ನಮ್ಮ ಬಹಳ ಹೊತ್ತು ಅವನ್ನು ನೋಡಿ, ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಅಳು ಬರಲಿಲ್ಲ.

ಗಾಯತ್ರಿ ಸೈಬರ್ ಮೋಸದ ದೂರು ಕೊಡುವ ಸಂಖ್ಯೆ ೧೯೩೦ಕ್ಕೆ ಫೋನು ಹಚ್ಚಿಕೊಟ್ಟಳು. ಆ ಕಡೆಯವರು ದೂರು ಬರೆದುಕೊಂಡರು. ಹಣ ಹೋಗಿ ತಿಂಗಳಾಗಿದೆ, ಸಿಕ್ಕೇ ಸಿಗುತ್ತದೆ ಎನ್ನಲಾರೆವು ಎಂದರು. ಹೊನ್ನಮ್ಮ “ಆಯ್ತು” ಎಂದಳು. ಆಮೇಲೆ ಸೋಮುವಿಗೆ ಫೋನು ಮಾಡಿದಳು.

“ಸೋಮು, ಆ ಟ್ಯಾಕ್ಸ್ ನೀನೂ ಕಟ್ಬೇಡ. ಅದು ಮೋಸ.”

ಗಾಳಿಯ ಸದ್ದಿನ ನಡುವೆ ಸೋಮುವಿನ ದನಿ ಬಂತು.

“ನಂಗೆ ಪಾಲು ಬರೂದು ಮಾರ್ಚಲ್ಲೇ ನಿಂತದೆ ಅತ್ತಿಗೆ. ಒಂದು ಸಲ ಟ್ಯಾಕ್ಸೂ ಕಟ್ದೆ. ಇನ್ನೊಂದು ಕೇಳ್ದ್ರು. ನಾಳೆ ದೋಣಿ ಇಂಜಿನ್ ಮಾರಿ ಕಟ್ಟೂಕೆ ಹೊರಟಿದ್ದೆ.”

ಮಾರ್ಚ್. ಅವಳು ಬಲೆ ಮಾರಿದ್ದು ಮೇ ತಿಂಗಳಲ್ಲಿ.

“ಬಲೆನ ಟೆಂಪೊಗೆ ಎತ್ತಿ ಹಾಕ್ದವ ನೀನೇ ಅಲ್ವೋ.”

“ಹೇಳೂಕೆ ಬಾಯಿ ಬರ್ಲಿಲ್ಲ. ನಾಚಿಕೆ ಆಯ್ತು. ಇವತ್ತು ಬತ್ತದೆ, ನಾಳೆ ಬತ್ತದೆ ಅಂತ ಕಾದೆ.”

ಆರು ವರ್ಷ ಅವಳಿಗೆ ಒಂದು ಮೀನಿನ ಮೋಸವನ್ನೂ ಮಾಡದ ಮನುಷ್ಯ. ಎದುರಿಗೆ ಗಾಯತ್ರಿ ಖಾಲಿ ಹಾಳೆಯೊಂದನ್ನು ತೆಗೆದಿಟ್ಟು ಕಾಯುತ್ತಿದ್ದಳು.

“ಇಂಜಿನ್ ಮಾರ್ಬೇಡ,” ಎಂದಳು ಹೊನ್ನಮ್ಮ. “ಈಗ್ಲೇ ಹೊರಟು ಅಂಕೋಲೆಗೆ ಬಾ. ನಿಂದೂ ದೂರು ಬರೆಸ್ಬೇಕು. ನಾ ಇಲ್ಲೇ ಕೂತಿರ್ತೆ.”

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಬಿಟ್‌ಕಾಯಿನ್ ನಮ್ಮ ದೇಶದಲ್ಲಿ ರೂಪಾಯಿಯಂತೆ ಚಲಾವಣೆಯ ಹಣವಲ್ಲ. ನಿಜವಾದ ನಾಣ್ಯದ ಬೆಲೆಯೂ ಒಂದೇ ದಿನದಲ್ಲಿ ಕುಸಿಯಬಹುದು. ಕಣ್ಣಿಗೆ ಕಾಣದ ಯಂತ್ರದ ಪಾಲಿಗೆ, ದಿನವೂ ಇಷ್ಟೇ ಬರುತ್ತದೆ ಎನ್ನುವ ಮಾತಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಹಾಕಿದ ಹಣ ಬಿಡಿಸಲು ಮತ್ತೆ ಹಣ ಕೇಳಿದರೆ ಕಟ್ಟಬೇಡಿ. ತಡಮಾಡದೆ ೧೯೩೦ಕ್ಕೆ ಫೋನು ಮಾಡಿ. ನೀವು ಈಗಾಗಲೇ ಕಳೆದುಕೊಂಡಿದ್ದರೆ, ನಾಚಿಕೆ ಪಡಬೇಕಾದವರು ನೀವಲ್ಲ. ಇವತ್ತೇ ಪಕ್ಕದ ಮನೆಗೆ ಹೋಗಿ ಹೇಳಿ. ಅಲ್ಲಿಯೂ ಯಾರೋ ಏನನ್ನೋ ಮಾರಲು ಹೊರಟಿರಬಹುದು.