ಅರ್ಧ ಇಂಚು ಸಡಿಲ

ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಬ್ಯಾಂಕಿನ ಗುಮಾಸ್ತೆ ಅಂಗಡಿಯ ಬಾಗಿಲಲ್ಲೇ ನಿಂತಳು. ಒಳಗೆ ದರ್ಜಿ ಸ್ಟೂಲಿನ ಮೇಲೆ ಕೂತು, ಸುರುಳಿ ಸುತ್ತಿದ ಹಳೆಯ ಪೇಪರೊಂದನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಬೆರಳು ಆಡಿಸುತ್ತಿದ್ದ. ಒಮ್ಮೆ ಬಿಗಿಯಾಗಿ ಹಿಡಿದ. ಮುಖ ಕಿವುಚಿದ. ಸುರುಳಿಯಿಂದ ಒಂದು ಹಾಳೆ ಎಳೆದು ಬಿಸಾಡಿ ಮತ್ತೆ ಹಿಡಿದ. ಹಾಗೆ ಬಿಸಾಡಿದ ಹಾಳೆಗಳು ಅವನ ಕಾಲ ಬುಡದಲ್ಲಿ ಏಳೆಂಟು ಬಿದ್ದಿದ್ದವು. ಗುಮಾಸ್ತೆ ಕೆಮ್ಮಿದಳು. ದರ್ಜಿ ಕಣ್ಣು ತೆರೆದು, ಒಂದು ನಿಮಿಷ ಕೂತಿರಿ, ಅಳತೆ ತೆಗೆಯುತ್ತಿದ್ದೇನೆ ಎಂದ. ಯಾರದ್ದು ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಸುರುಳಿ ಕೈಗೆ ಹಿತವಾಗಿ ಕೂತ ಮೇಲೆ ದರ್ಜಿ ಕೊರಳಿನಿಂದ ಟೇಪು ತೆಗೆದು ಅದರ ಸುತ್ತ ಹಿಡಿದ. ನಾಲ್ಕೂಕಾಲು ಇಂಚು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ದಿನಕ್ಕೆ ಹತ್ತು ಜನರ ಅಳತೆ ಬರೆಯುವ ಪುಸ್ತಕದಲ್ಲೇ ಈ ಅಳತೆಯನ್ನೂ ಬರೆದ. ಬೆರಳುಗಳನ್ನು ಅಗಲಿಸಿ, ತೋರುಬೆರಳಿಂದ ಕಿರುಬೆರಳಿಗೆ ಟೇಪು ಎಳೆದು ಅದನ್ನೂ ಬರೆದ. ಹಾಳೆ ಹರಿದು ನಾಲ್ಕಾಗಿ ಮಡಿಸಿ ಲಕೋಟೆಗೆ ಹಾಕಿ ಅಂಟಿಸಿದ. ಆಮೇಲೆ ಗುಮಾಸ್ತೆಯ ಪ್ಯಾಂಟು ಕೈಗೆತ್ತಿಕೊಂಡು, ಎಷ್ಟು ಕಮ್ಮಿ ಮಾಡಬೇಕು ಎಂದು ಕೇಳಿದ. ಅವಳು ಎರಡು ಇಂಚು ಎಂದಳು. ಅವನು ಒಂದೂವರೆ ಮಾಡುತ್ತೇನೆ, ಒಗೆದರೆ ಬಟ್ಟೆ ಕುಗ್ಗುತ್ತದೆ ಎಂದ.

ಆ ಬೀದಿಯಲ್ಲಿ ಅವನ ಹೆಸರೇ ಅರ್ಧ ಇಂಚು ಟೇಲರ್. ಮೈಯ ಅಳತೆ ಎಷ್ಟೇ ಇರಲಿ, ಅದಕ್ಕೆ ಅರ್ಧ ಇಂಚು ಸಡಿಲ ಸೇರಿಸದೆ ಅವನು ಕತ್ತರಿ ಹಿಡಿದವನಲ್ಲ. ಮೈಗಂಟುವಂತೆ ಬೇಕೆಂದು ಹಟ ಹಿಡಿದ ಹುಡುಗರಿಗೂ ಹೂಂ ಹೂಂ ಎನ್ನುತ್ತಲೇ ಸೇರಿಸುತ್ತಿದ್ದ. ಮನುಷ್ಯ ಉಸಿರಾಡುತ್ತಾನೆ, ಬಗ್ಗುತ್ತಾನೆ, ಊಟ ಮಾಡುತ್ತಾನೆ, ಅದಕ್ಕೆಲ್ಲ ಜಾಗ ಬೇಡವೇ ಎಂಬುದು ಅವನ ವಾದ. ವಾದ ಸರಿಯೇ ಇತ್ತು ಅನ್ನಿ. ನಲವತ್ತು ವರ್ಷ ಆ ಬೀದಿಯಲ್ಲಿ ಯಾರ ಹೊಲಿಗೆಯೂ ಬಿಚ್ಚಿರಲಿಲ್ಲ.

ಅವನ ಹತ್ತಿರ ಒಂದು ಗಿಟಾರು ಇತ್ತು, ಅವನ ಮದುವೆಗಿಂತ ಹಳೆಯದು. ಹೆಂಡತಿ ಆಗಿನ್ನೂ ನರ್ಸಿಂಗ್ ಓದುತ್ತಿದ್ದಾಗ ಅವಳ ಹಾಸ್ಟೆಲಿನ ಹೊರಮೆಟ್ಟಿಲ ಮೇಲೆ ಕೂತು ಒಂದು ರಾಗ ಕಟ್ಟಿದ್ದ. ಅದಕ್ಕೆ ಮಾತಿಲ್ಲ, ಹೆಸರಿಲ್ಲ. ಮದುವೆಯಾದ ಮೇಲೆ ಅವಳಿಗೆ ರಾತ್ರಿ ಪಾಳಿ ಬಿತ್ತು. ಬಿದ್ದದ್ದು ಇಪ್ಪತ್ತಾರು ವರ್ಷ ಏಳಲೇ ಇಲ್ಲ. ಅವನು ಬೆಳಿಗ್ಗೆ ಅಂಗಡಿಗೆ ಹೊರಡುವ ಹೊತ್ತಿಗೆ ಅವಳು ಮನೆಗೆ ಬರುತ್ತಿದ್ದಳು, ಅವನು ಮನೆಗೆ ಬರುವ ಹೊತ್ತಿಗೆ ಹೊರಡಲು ಚೀಲ ಹುಡುಕುತ್ತಿದ್ದಳು. ಎರಡು ಕೋಣೆಯ ಮನೆ, ಹಗಲು ಅವಳ ನಿದ್ದೆ. ಹೀಗಾಗಿ ಗಿಟಾರು ಅಂಗಡಿಗೆ ಹೋಯಿತು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನೊಬ್ಬನೇ ನುಡಿಸಿಕೊಳ್ಳುತ್ತಿದ್ದ.

ಅಂಗಡಿಯೆಂದರೆ ಹತ್ತಡಿಯ ಗೂಡು, ದಿನವಿಡೀ ಇಸ್ತ್ರಿಯ ಹಬೆ. ಬಟ್ಟೆಗೆ ಒಳ್ಳೆಯದಾದ ಹಬೆ ಮರಕ್ಕೆ ಒಗ್ಗಲಿಲ್ಲ. ಗಿಟಾರಿನ ಹೊಟ್ಟೆ ಉಬ್ಬಿತು, ತಂತಿ ಕಟ್ಟಿದ ಪಟ್ಟಿ ಎದ್ದು ಬಂತು, ಅಂಟು ಹಾಕಿದರೆ ಆರು ತಿಂಗಳಿಗೆ ಮತ್ತೆ ಬಂತು. ಅಷ್ಟರಲ್ಲಿ ಅವನ ಎಡಗೈಯೂ ಕೈಕೊಟ್ಟಿತ್ತು. ಉಂಗುರಬೆರಳು, ಕಿರುಬೆರಳಿನ ಗೆಣ್ಣು ಬಾತು, ಮುಂಚಿನಂತೆ ಚಾಚುತ್ತಿರಲಿಲ್ಲ. ನಾಲ್ಕು ವರ್ಷದಿಂದ ಗಿಟಾರು ಅಟ್ಟದ ಮೇಲೆ ಬಟ್ಟೆಯ ತುಂಡುಗಳ ಮೂಟೆಗೆ ಒರಗಿತ್ತು. ಹೆಂಡತಿಗೆ ಅವನು ಹೇಳಿರಲಿಲ್ಲ. ಹೇಳುವುದಕ್ಕೆ ಇಬ್ಬರೂ ಎಚ್ಚರವಾಗಿರುವ ಹೊತ್ತು ಬೇಕಲ್ಲ.

ಹೋದ ವರ್ಷ ಅವಳ ನಿವೃತ್ತಿಯ ದಿನ ಗೊತ್ತಾದಾಗ, ಏನು ಬೇಕು ಕೇಳು ಎಂದು ದೊಡ್ಡ ಮನಸ್ಸು ಮಾಡಿದ. ಅವಳು ಯೋಚಿಸಲೂ ಇಲ್ಲ.

"ಏನೂ ತರಬೇಡಿ. ನಾನು ಕೆಲಸಕ್ಕೆ ಹೋಗದೆ ಮನೇಲಿರ್ತೀನಲ್ಲ, ಆ ಮೊದಲನೇ ಸಾಯಂಕಾಲ, ಮೆಟ್ಟಿಲ ಮೇಲೆ ನುಡಿಸ್ತಿದ್ರಲ್ಲ, ಅದನ್ನ ನುಡಿಸಿ. ಸಾಕು."

ಅದೇನು ಮಹಾ ಎಂದುಬಿಟ್ಟ. ಎಂದಮೇಲೆ ಅಟ್ಟದ ಮೇಲಿನ ಗಿಟಾರು ನೆನಪಾಯಿತು.

ಹಾಗಾಗಿಯೇ ಮರದ ಬದಲು ಕಾರ್ಬನ್ ಫೈಬರಿನ ಹೊಸ ಗಿಟಾರೊಂದನ್ನು ಮಾಡಿಸಲು ಹೊರಟ. ಅದನ್ನು ಮಾಡುವವನು ಮೊದಲು ಪಂದ್ಯದ ದೋಣಿಗಳನ್ನು ಮಾಡುತ್ತಿದ್ದವನು, ಬಸ್ಸಿನಲ್ಲಿ ಮೂರು ಗಂಟೆಯ ದಾರಿಯಲ್ಲಿ ಅವನ ಶೆಡ್ಡು. ನೀರಲ್ಲಿ ಇಟ್ಟರೂ ಉಬ್ಬುವುದಿಲ್ಲ, ಹಬೆ ಯಾವ ಲೆಕ್ಕ ಎಂದು ಫೋನಿನಲ್ಲಿ ನಕ್ಕಿದ್ದ. ನಿಮ್ಮ ಕೈಗೆ ತಕ್ಕಂತೆ ಗಿಟಾರಿನ ಕತ್ತನ್ನು, ಎಡಗೈ ಹಿಡಿಯುವ ಜಾಗವನ್ನು, ಸಣ್ಣದಾಗಿ ಮಾಡಿಕೊಡುತ್ತೇನೆ, ಒಮ್ಮೆ ಬನ್ನಿ, ಅಳತೆ ತೆಗೆಯುತ್ತೇನೆ ಎಂದ. ದರ್ಜಿಗೆ ಅದು ನಾಟಿತು. ಊರಿಗೆಲ್ಲ ಅಳತೆ ತೆಗೆಯುವವನ ಅಳತೆಯನ್ನು ಇನ್ನೊಬ್ಬ ತೆಗೆಯುವುದೇ? ನಾನೇ ಕಳಿಸುತ್ತೇನೆ ಎಂದ. ಗುಮಾಸ್ತೆಯೆದುರು ಅಂಟಿಸಿದ ಆ ಲಕೋಟೆ ತಲುಪಿದ ವಾರಕ್ಕೆ ಮತ್ತೆ ಫೋನು ಬಂತು. ಕೈ ಚಿಕ್ಕದು, ಬೆರಳು ಚಾಚುವುದಿಲ್ಲ ಅಂದಿರಿ, ಅಳತೆ ನೋಡಿದರೆ ಅಷ್ಟು ಚಿಕ್ಕದಿಲ್ಲವಲ್ಲ, ಇನ್ನೊಮ್ಮೆ ನೋಡುತ್ತೀರಾ ಎಂದು ಅವನು ಮೆತ್ತಗೆ ಕೇಳಿದ. ದರ್ಜಿಯ ದನಿ ಏರಿತು.

"ನೋಡಿ, ನಲವತ್ತು ವರ್ಷದಲ್ಲಿ ನನ್ನ ಅಳತೆ ಒಂದು ಸಲಾನೂ ತಪ್ಪಿಲ್ಲ. ಬರೆದಿರೋ ಹಾಗೆ ಮಾಡಿ."

ಬರೆದಿರುವ ಹಾಗೇ ಮಾಡಿದ. ಹೆಂಡತಿಯ ನಿವೃತ್ತಿಗೆ ಹನ್ನೆರಡು ದಿನ ಇರುವಾಗ ಪೆಟ್ಟಿಗೆ ಬಂತು. ದರ್ಜಿ ಅಂಗಡಿಯ ಬಾಗಿಲು ಅರ್ಧ ಎಳೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅದನ್ನು ಬಿಚ್ಚಿದ. ಕಪ್ಪು ಗಿಟಾರು, ಎತ್ತಿದರೆ ಎತ್ತಿದ್ದೇ ಗೊತ್ತಾಗದಷ್ಟು ಹಗುರ. ಕಿಟಕಿಯ ಬೆಳಕಿಗೆ ಹಿಡಿದಾಗ ಹೊಳಪಿನ ಕೆಳಗೆ ನೇಯ್ಗೆ ಕಂಡಿತು. ಓರೆ ಗೆರೆಯ ನೇಯ್ಗೆ, ಒಳ್ಳೆಯ ಪ್ಯಾಂಟಿನ ಬಟ್ಟೆಯಲ್ಲಿರುತ್ತದಲ್ಲ, ಅದೇ. ಇದು ಬಟ್ಟೆಯೇ! ಕಪ್ಪು ನೂಲಿನ ಬಟ್ಟೆಯನ್ನು ಅಚ್ಚಿನಲ್ಲಿ ಹಾಸಿ, ಅಂಟು ಕುಡಿಸಿ, ಗಟ್ಟಿ ಮಾಡಿದ್ದಾರೆ. ದರ್ಜಿಗೆ ಎಷ್ಟು ಖುಷಿಯಾಯಿತೆಂದರೆ, ಅಂಗೈಯಿಂದ ಅದರ ಬೆನ್ನನ್ನು ಸವರಿ ಎಳೆ ಯಾವ ಕಡೆಗಿದೆ ಎಂದು ನೋಡಿದ.

ಆಮೇಲೆ ತೊಡೆಯ ಮೇಲಿಟ್ಟುಕೊಂಡು ಕತ್ತನ್ನು ಹಿಡಿದ. ಹಿಡಿದವನ ಮುಖದ ಖುಷಿ ಹಾಗೇ ಇಳಿಯಿತು. ಕೈ ಸುತ್ತ ಬರುತ್ತಿರಲಿಲ್ಲ. ಹಳೆಯದಕ್ಕಿಂತ ಅಗಲವೇ ಇತ್ತು. ಮೇಲಿನ ದಪ್ಪ ತಂತಿಯವರೆಗೆ ಕಿರುಬೆರಳು ಮುಟ್ಟಬೇಕಾದರೆ ಮಣಿಕಟ್ಟು ತಿರುಚಬೇಕು, ತಿರುಚಿದರೆ ಗೆಣ್ಣಿನಿಂದ ಮೊಣಕೈವರೆಗೆ ನೋವು. ಮೆಟ್ಟಿಲ ರಾಗದ ನಡುವೆ ಆ ತಂತಿಯ ನಾಲ್ಕನೆಯ ಮನೆಯನ್ನು, ಅಂದರೆ ಕತ್ತಿನ ಅಡ್ಡಪಟ್ಟಿಗಳ ನಡುವಿನ ನಾಲ್ಕನೆಯ ಜಾಗವನ್ನು, ಒತ್ತದೆ ವಿಧಿಯೇ ಇಲ್ಲ. ಅವನು ಇಪ್ಪತ್ತು ಸಲ ಪ್ರಯತ್ನಿಸಿ, ಇಪ್ಪತ್ತು ಸಲವೂ ಸೋತು, ಆ ದೋಣಿಯವನು ಮೋಸ ಮಾಡಿದ ಎಂದು ಗೊಣಗಿದ.

ಮರುದಿನ ಅಂಗಡಿಗೆ ಬೀಗ ಹಾಕಿ, ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದ. ಮೂರು ಗಂಟೆಯೂ ಮನಸ್ಸಿನಲ್ಲಿ ಮಾತು ಮಸೆಯುತ್ತಲೇ ಹೋದ. ಶೆಡ್ಡಿನಲ್ಲಿ ಆ ಗಿಟಾರಿನವನು ಮೂತಿಗೆ ಕಟ್ಟಿದ್ದ ಮುಸುಕು ಇಳಿಸಿ ಎಲ್ಲವನ್ನೂ ಕೇಳಿಸಿಕೊಂಡ. ಒಂದು ತೆಳು ಹಾಳೆಯ ಸುರುಳಿ ಕೊಟ್ಟು, ನಿಮಗೆ ಹಿತವಾಗುವಷ್ಟು ಹಿಡಿಯಿರಿ ಎಂದ. ದರ್ಜಿ ಹಿಡಿದ. ಅದರ ಸುತ್ತ ಟೇಪು ಹಿಡಿದರೆ ನಾಲ್ಕೂಕಾಲು. ಗಿಟಾರಿನವನು ಗೋಡೆಗೆ ಚುಚ್ಚಿದ್ದ ಚೀಟಿ ತೆಗೆದು ತಂದು ಮೇಜಿನ ಮೇಲಿಟ್ಟ. ದರ್ಜಿಯದೇ ಪುಸ್ತಕದ ಹಾಳೆ, ದರ್ಜಿಯದೇ ಅಕ್ಷರ. ನಾಲ್ಕೂಮುಕ್ಕಾಲು. ಕೆಳಗೆ ಬೆರಳಿನ ಅಳತೆ. ಅದೂ ಅರ್ಧ ಇಂಚು ಹೆಚ್ಚು.

ದರ್ಜಿ ಆ ಚೀಟಿಯನ್ನು ಎತ್ತಿ ಎರಡು ಸಲ ಓದಿದ. ಕೈ ಬರೆಯುವಾಗ ತಲೆಯನ್ನು ಕೇಳಿಯೇ ಇರಲಿಲ್ಲ. ಟೇಪಿನಲ್ಲಿ ಕಂಡದ್ದಕ್ಕೆ ಅರ್ಧ ಸೇರಿಸು ಎಂದು ನಲವತ್ತು ವರ್ಷ ಕಲಿತ ಕೈ, ಯಜಮಾನನ ಬೆರಳಿಗೂ ಸಡಿಲ ಬಿಟ್ಟಿತ್ತು. ಅವನು ಚೀಟಿಯನ್ನು ಮಗುಚಿಟ್ಟ.

"ಬಟ್ಟೆ ತಾನೇ ಇದು," ಎಂದ ಕೊನೆಗೆ. "ಸ್ವಲ್ಪ ಹಿಡಿದು ಸಣ್ಣ ಮಾಡೋಕಾಗಲ್ವಾ?"

"ಬಟ್ಟೆ ನಿಜ ಯಜಮಾನ್ರೇ. ಆದ್ರೆ ಒಂದ್ಸಲ ಗಟ್ಟಿಯಾದ ಮೇಲೆ ಬಿಚ್ಚೋ ಹಾಗಿಲ್ಲ. ಉಜ್ಜಿದ್ರೆ ಎಳೆ ತುಂಡಾಗುತ್ತೆ, ಕತ್ತು ಮುರಿಯುತ್ತೆ." ಅವನು ತಲೆ ಕೆರೆದುಕೊಂಡ. "ಬೇರೆ ಮಾಡಿಕೊಡ್ತೀನಿ. ಅಚ್ಚಿನಿಂದ ಶುರು ಮಾಡ್ಬೇಕು, ಐದು ತಿಂಗಳಾಗುತ್ತೆ."

ಐದು ತಿಂಗಳು ಎಲ್ಲಿಂದ ತರುವುದು? ಉಳಿದದ್ದು ಹನ್ನೊಂದು ದಿನ. ದರ್ಜಿ ಬೇಡವೆಂದ, ಕೂಗಾಡಿದ್ದಕ್ಕೆ ತಪ್ಪಾಯಿತು ಎಂದ, ಪೆಟ್ಟಿಗೆ ಹೊತ್ತು ಬಂದ. ಗಿಟಾರಿನವನು ಬಸ್ ನಿಲ್ದಾಣದವರೆಗೂ ಬಂದು, ಪೆಟ್ಟಿಗೆಯನ್ನು ಕಿಟಕಿಯಿಂದ ಒಳಗೆ ಕೊಟ್ಟು ಹೋದ.

ಹನ್ನೊಂದು ದಿನವೂ ಮಧ್ಯಾಹ್ನ ಬಾಗಿಲು ಅರ್ಧ ಎಳೆದು ನುಡಿಸಿದ. ದನಿ ಮಾತ್ರ ಅವನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಹಬೆಯಲ್ಲೂ ಶ್ರುತಿ ಕದಲಲಿಲ್ಲ. ಒಂದೊಂದೇ ಸಾಲು ಬೆರಳಿಗೆ ಮರಳಿತು. ಆ ಒಂದು ಜಾಗ ಮಾತ್ರ ಬರಲಿಲ್ಲ. ಕೊನೆಗೆ ಅದನ್ನು ಬಿಟ್ಟು ಹಾರುವುದನ್ನು ಅಭ್ಯಾಸ ಮಾಡಿದ. ಮೂವತ್ತು ವರ್ಷದ ಹಿಂದಿನ ರಾಗ, ಅದರಲ್ಲಿ ಒಂದು ಸ್ವರ ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನ ಆಗಲಿಲ್ಲ.

ಆ ಸಾಯಂಕಾಲ ಬಂತು. ಹೆಂಡತಿ ಮನೆಯಲ್ಲಿದ್ದಳು; ಆದರೆ ಮನೆಯಲ್ಲಿರುವುದು ಹೇಗೆಂದು ಅವಳಿಗೆ ತಿಳಿದಂತಿರಲಿಲ್ಲ. ಆಸ್ಪತ್ರೆಗೆ ಹೊರಡುವ ಹೊತ್ತಾದೊಡನೆ ಎದ್ದು ಗೂಟದ ಮೇಲಿನ ಚೀಲಕ್ಕೆ ಕೈ ಹಾಕಿದಳು, ನಕ್ಕು ಕೈ ಹಿಂತೆಗೆದಳು. ಕಿಟಕಿ ಮುಚ್ಚಿದಳು, ತೆರೆದಳು. ದರ್ಜಿ ಗಿಟಾರನ್ನು ಹೊರತೆಗೆದಾಗ, ಇದೇನು ಕಪ್ಪಗೆ ಎಂದು ಹತ್ತಿರ ಬಂದು ಬೆರಳಿನಿಂದ ತಟ್ಟಿ ನೋಡಿದಳು. ಹಳೆಯದು ಹಾಳಾಯಿತು ಎಂದಷ್ಟೇ ಹೇಳಿದ. ಅವಳು ಎದುರಿನ ಕುರ್ಚಿಯಲ್ಲಿ ಕಾಲು ಮಡಚಿ ಕೂತಳು.

ಅವನು ನುಡಿಸಿದ. ಮೊದಲ ಸಾಲಿಗೇ ಅವಳು ತಲೆ ತಗ್ಗಿಸಿದಳು. ಎರಡನೆಯ ಸಾಲಿಗೆ ಅವಳ ಹೆಬ್ಬೆರಳು ಕುರ್ಚಿಯ ತೋಳಿನ ಮೇಲೆ ತಾಳ ಹಾಕತೊಡಗಿತು. ಆ ಜಾಗ ಬಂತು. ಅವನು ಅಭ್ಯಾಸ ಮಾಡಿದಂತೆ ಬಿಟ್ಟು ಹಾರಿದ. ಅವಳ ಹೆಬ್ಬೆರಳು ನಿಂತಿತು. ಅವನು ರಾಗ ಮುಗಿಸಿದ.

"ಚೆನ್ನಾಗಿತ್ತು ರೀ," ಎಂದಳು. ಕುರ್ಚಿಯಿಂದ ಮುಂದೆ ಬಾಗಿ, "ನಡುವೆ ಒಂದು ದಪ್ಪ ದನಿ ಬರ್ತಿತ್ತಲ್ಲ. ಅದು ಬಂದಾಗೆಲ್ಲ ನಾನು ಹಾಸ್ಟೆಲ್ ಕಿಟಕಿ ಹತ್ರ ಬರ್ತಿದ್ದೆ. ಅದೆಲ್ಲಿ ಹೋಯ್ತು?"

ದರ್ಜಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿದ. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಬೆರಳಿನದ್ದು, ಹಬೆಯದ್ದು, ಪೇಪರ್ ಸುರುಳಿಯದ್ದು, ಶೆಡ್ಡಿನಲ್ಲಿ ಕೂಗಾಡಿದ್ದು, ಗೋಡೆಯ ಚೀಟಿಯದ್ದು, ಎಲ್ಲವನ್ನೂ ನೆಲ ನೋಡಿಕೊಂಡು ಹೇಳಿದ. ಬೆರಳಿನ ವಿಷಯ ನರ್ಸಿಗೆ ಗೊತ್ತಿಲ್ಲದ್ದೇನಲ್ಲ; ಬೆಳಿಗ್ಗೆ ಅವನು ಅಂಗಿಯ ಗುಂಡಿಯ ಜೊತೆ ಒದ್ದಾಡುವುದನ್ನು ಅವಳು ಎಂದೋ ನೋಡಿದ್ದಳು. ಅಳತೆಯ ಮಾತು ಬಂದಾಗ ಮಾತ್ರ ತುಟಿ ಕಚ್ಚಿ ಹಿಡಿದಳು, ಹಿಡಿಯಲಾಗದೆ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ನಗು ನೀನು," ಎಂದ. "ಕೇಳಿದ್ದು ಒಂದೇ ಒಂದು. ಅದನ್ನೂ ಹಾಳು ಮಾಡ್ದೆ."

ಅವಳು ಕಣ್ಣೊರೆಸಿಕೊಂಡಳು.

"ಇಪ್ಪತ್ತಾರು ವರ್ಷ ನನ್ನ ಯೂನಿಫಾರ್ಮ್ ಹೊಲಿದೋರು ಯಾರು? ಅರ್ಧ ಇಂಚು ಸಡಿಲ ಅಂತ ವಾರ್ಡಲ್ಲೆಲ್ಲ ನನ್ನ ಆಡಿಕೊಳ್ಳೋರು. ಬೇರೆಯವರೆಲ್ಲ ರೋಗಿನ ಎತ್ತೋವಾಗ ಕಂಕುಳಲ್ಲಿ ಹರ್ಕೊಳ್ತಿದ್ರು. ನಂದು ಒಂದು ದಿನ ಹರೀಲಿಲ್ಲ."

ಹೀಗೆಂದವಳು ಕುರ್ಚಿ ಎಳೆದುಕೊಂಡು ಬಂದು ಅವನ ಎಡಪಕ್ಕದಲ್ಲಿ ಕೂತಳು. ಎಲ್ಲಿ, ತೋರಿಸಿ ಎಂದಳು. ಅವನು ದಪ್ಪ ತಂತಿಯ ನಾಲ್ಕನೆಯ ಮನೆ ತೋರಿಸಿದ. ಅವಳು ಮೇಲಿನಿಂದ ಕೈ ಚಾಚಿ, ತೋರುಬೆರಳನ್ನು ಅಲ್ಲಿಟ್ಟಳು. ತಂತಿ ಬುಸ್ಸೆಂದಿತು. ಇನ್ನೂ ಒತ್ತು ಎಂದ. ಒತ್ತಿದಳು. ಕತ್ತಲಲ್ಲಿ, ಯಾರನ್ನೂ ಎಬ್ಬಿಸದೆ, ಸಾವಿರ ಕೈಗಳಲ್ಲಿ ನರ ಹುಡುಕಿದ ಬೆರಳದು. ಎಷ್ಟು ಒತ್ತಬೇಕೆಂದು ಅದಕ್ಕೆ ಎರಡು ಸಲ ಹೇಳಬೇಕಾಗಲಿಲ್ಲ. ದಪ್ಪ ದನಿ ಕೋಣೆ ತುಂಬಿತು.

ಆದರೆ ರಾಗದ ನಡುವೆ ಅವಳ ಬೆರಳು ಜಾಗ ತಪ್ಪುತ್ತಿತ್ತು. ಒಮ್ಮೆ ಮೂರನೆಯ ಮನೆಗೆ ಹೋಯಿತು, ಒಮ್ಮೆ ಅವನ ಬೆರಳಿನ ಮೇಲೇ ಬಿತ್ತು. ದರ್ಜಿ ಅಂಗಿಯ ಜೇಬಿಗೆ ಕೈ ಹಾಕಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ ತೆಗೆದ. ಕಪ್ಪು ಕತ್ತಿನ ಮೇಲೆ, ತಂತಿಯ ಪಕ್ಕದಲ್ಲಿ, ಒಂದು ಬಿಳಿಯ ಗೆರೆ ಎಳೆದ. ಈ ಸಲ ಏನನ್ನೂ ಸೇರಿಸದೆ, ಎಲ್ಲಿರಬೇಕೋ ಸರಿಯಾಗಿ ಅಲ್ಲೇ ಎಳೆದ.

ಮತ್ತೆ ಮೊದಲಿಂದ ನುಡಿಸಿದ. ಆ ಜಾಗ ಹತ್ತಿರ ಬಂದಾಗ ಗಲ್ಲ ಆಡಿಸಿದ, ಅವಳು ಒತ್ತಿದಳು. ಇನ್ನೊಮ್ಮೆ. ಮತ್ತೊಮ್ಮೆ. ಹೊರಗೆ ಬೀದಿದೀಪ ಹತ್ತಿಕೊಂಡಿತು, ಒಳಗೆ ದೀಪ ಹಾಕಲು ಇಬ್ಬರೂ ಏಳಲಿಲ್ಲ. ನಾಲ್ಕನೆಯ ಸಲಕ್ಕೆ ನೋಡಿದರೆ ಗುರುತು ಅಳಿಸಿಹೋಗಿತ್ತು. ದರ್ಜಿ ಮತ್ತೆ ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ಅವಳ ಬೆರಳು ಆಗಲೇ ತಂತಿಯ ಮೇಲೆ, ಅದರ ಜಾಗದಲ್ಲಿ ಕಾಯುತ್ತಿತ್ತು. ಆ ಬೆರಳ ತುದಿಗೆ ಬಿಳಿಯ ಸುಣ್ಣ ಅಂಟಿತ್ತು, ಸುಣ್ಣದ ನಡುವೆ ತಂತಿಯ ಗೆರೆ ಮೂಡಿತ್ತು.