ಕೇಳಿದಷ್ಟು ಕೊಡಿ

ಆ ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಅರ್ಧಣ್ಣ ಎನ್ನುತ್ತಿದ್ದರು. ವಾರ್ಡಿನವರು ಇಪ್ಪತ್ತು ಡಬ್ಬ ಗ್ಲೌಸ್ ಬೇಕೆಂದು ಚೀಟಿ ಬರೆದರೆ ಅವನು ತಲೆ ಎತ್ತದೆ ಹತ್ತು ಕೊಡುತ್ತಿದ್ದ. ಹತ್ತು ಬೇಕಾದವರು ಇಪ್ಪತ್ತು ಬರೆಯುವುದನ್ನು ಕಲಿತಿದ್ದರು. ಅವರು ಕಲಿತದ್ದು ಅವನಿಗೂ ಗೊತ್ತಿತ್ತು. ಹಾವೂ ಸಾಯದೆ ಕೋಲೂ ಮುರಿಯದೆ ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ಸೋಮವಾರ ಸರಬರಾಜು ವಿಭಾಗಕ್ಕೆ ಹೊಸ ಮೇಡಂ ಬಂದರು. ಹಳೆಯ ಚೀಟಿಗಳನ್ನು ತಿರುವಿ ನೋಡಿದರು.

"ನಮ್ಮವರ ಮೇಲೆ ನಮಗೇ ನಂಬಿಕೆ ಇಲ್ಲ ಅಂದ್ರೆ ಹೇಗೆ? ಇವತ್ತಿಂದ ಕೇಳಿದಷ್ಟು ಕೊಡಿ."

"ಆಗ್ಲಿ ಮೇಡಂ," ಎಂದ ಅರ್ಧಣ್ಣ. ಇನ್ನೊಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಇವತ್ತು ಬಂದವರು ತನಗೆ ಬುದ್ಧಿ ಹೇಳುವುದೇ ಎಂದು ಅವನಿಗೆ ಹೊಟ್ಟೆ ಉರಿಯುತ್ತಿತ್ತು.

ಕೇಳಿದಷ್ಟೂ ಸಿಕ್ಕಿದಾಗ ವಾರ್ಡುಗಳಲ್ಲಿ ಸಂತೋಷವಾಗಲಿಲ್ಲ, ದಿಗಿಲಾಯಿತು. ಅರ್ಧಣ್ಣ ಪೂರ್ತಿ ಕೊಡುತ್ತಿದ್ದಾನೆಂದರೆ ಮುಂದೆ ಏನೋ ಗಂಡಾಂತರ ಕಾದಿದೆ ಎಂದೇ ಅರ್ಥ. ಮಂಗಳವಾರ ನಲವತ್ತು ಬರೆದರು. ಬುಧವಾರ ಎಂಬತ್ತು. ಅವನು ಕಮಕ್ ಕಿಮಕ್ ಅನ್ನದೆ ಕೊಟ್ಟ. ಗುರುವಾರ ಸಂಜೆ ಉಗ್ರಾಣದಲ್ಲಿ ಕಪಾಟುಗಳು ಮಾತ್ರ ಉಳಿದಿದ್ದವು.

ಶುಕ್ರವಾರ ಹತ್ತು ಗಂಟೆಗೆ ಅವನ ಸ್ವಂತ ಅಕ್ಕನಿಗೆ ಪಿತ್ತಕೋಶದ ಆಪರೇಷನ್ ಇತ್ತು. ಅಷ್ಟರೊಳಗೆ ಹೊಸ ಸರಕಿನ ಲಾರಿ ಬಂದೇ ಬರುತ್ತದೆ ಎಂದು ನಂಬಿದ್ದ. ಲಾರಿ ಬರಲಿಲ್ಲ. ಗ್ಲೌಸ್ ಇಲ್ಲದೆ ಆಗುವುದಿಲ್ಲ, ಮುಂದಿನ ವಾರ ನೋಡೋಣ ಎಂದರು ಡಾಕ್ಟರು. ರಾತ್ರಿಯಿಂದ ಉಪವಾಸವಿದ್ದ ಅಕ್ಕ ಅವನ ಕೈ ಹಿಡಿದುಕೊಂಡಳು.

"ಇನ್ನೊಂದು ವಾರ ಈ ನೋವು ತಡೀಲಾರೆ ಕಣೋ."

ಅವನು ನೆಟ್ಟಗೆ ಮೇಡಂ ಕೋಣೆಗೆ ಹೋಗಿ ಚೀಟಿಗಳ ಗುಟ್ಟನ್ನೆಲ್ಲ ಬಿಚ್ಚಿಟ್ಟ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಸೋಲ್ಲಿ ಅಂತ."

"ಸರಿ, ಸೋತೆ," ಎಂದು ಮೇಡಂ ಎದ್ದರು. "ಈಗ ಡಬ್ಬಗಳೆಲ್ಲಿವೆ?"

ಮೊದಲನೇ ವಾರ್ಡಿನ ಹಿರಿಯ ಸಿಸ್ಟರ್ ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದರು.

"ನಮ್ಮಲ್ಲೇ ಇಲ್ಲ."

"ನಾಲ್ಕೇ ಡಬ್ಬ, ತಾಯಿ. ನಮ್ಮಕ್ಕ ಥಿಯೇಟರ್ ಬಾಗಿಲಲ್ಲಿ ಮಲಗಿದಾಳೆ."

ಸಿಸ್ಟರ್ ಮುಖ ಸ್ವಲ್ಪ ಸಡಿಲಾಯಿತು. "ಇವತ್ತು ನಾನು ಕೊಡ್ತೀನಿ ಅಣ್ಣಾ. ಸೋಮವಾರ ನನ್ನ ಪೇಷೆಂಟಿಗೆ ಬೇಕಾದಾಗ ನೀವು ಇಲ್ಲ ಅಂತೀರಿ."

"ಅನ್ನಲ್ಲ."

"ಯಾರು ನಂಬ್ತಾರೆ?"

ಅರ್ಧಣ್ಣ ಯೋಚಿಸಿದ. ಸಿಸ್ಟರ್ ಜಾಗದಲ್ಲಿದ್ದರೆ ತಾನೂ ನಂಬುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಹೆಂಡತಿಯ ಕೈಗೂ ಕೊಡದ ಉಗ್ರಾಣದ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟ.

"ಬೇಕಾದಾಗ ನೀವೇ ತೆಗೆದು ತಗೊಳ್ಳಿ. ನನ್ನ ಕೇಳೋದೇ ಬೇಡ."

ಸಿಸ್ಟರ್ ಅದನ್ನು ಜೇಬಿಗೆ ಹಾಕಿಕೊಂಡು ಬೀರು ತೆರೆದರು. ತುರುಕಿಟ್ಟಿದ್ದ ಡಬ್ಬಗಳಲ್ಲಿ ಎರಡು ಅವರ ಕಾಲ ಮೇಲೇ ಬಿದ್ದವು.

ಹನ್ನೊಂದು ಗಂಟೆಗೆ ಅಕ್ಕನನ್ನು ಒಳಗೆ ಕರೆದೊಯ್ದರು. ಅರ್ಧಣ್ಣ ಹೊರಗಿನ ಬೆಂಚಿನ ಮೇಲೆ ಕುಳಿತು, ಖಾಲಿ ಸೊಂಟ ತಡವಿಕೊಂಡು, ಚಿಕ್ಕ ಮಗುವಿನ ಹಾಗೆ ಅತ್ತ.